ಅಂಗೈಗೆ ತಾಗಿದ ಉಸಿರು

ಹಿತ್ತಲಿನ ಬಚ್ಚಲಲ್ಲಿ ಬಾಗಿಲು ಮುಂದಕ್ಕೆಳೆದುಕೊಂಡು, ಹಂಡೆಯ ನೀರಿನ ಮೇಲೆ ಮುಖ ಬಗ್ಗಿಸಿ, ಸುಧಾ ಮೆಲ್ಲಗೆ ‘ಅವ್ವಾ’ ಅಂದು ನೋಡಿದಳು. ಸರಿ ಬರಲಿಲ್ಲ. ಇನ್ನೊಮ್ಮೆ ಅಂದಳು. ಈ ಸಲ ಎಳೆದದ್ದು ಹೆಚ್ಚಾಗಿ, ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಹಳ್ಳಿ ಹೆಂಗಸಿನ ಪಾತ್ರ ಮಾಡುವ ಹುಡುಗಿಯ ಹಾಗೆ ಕೇಳಿಸಿತು. ತನ್ನ ಅವ್ವನನ್ನು ಕರೆಯುವುದಕ್ಕೆ ತಾನು ಬಚ್ಚಲಲ್ಲಿ ಅಡಗಿ ತಾಲೀಮು ಮಾಡುತ್ತಿದ್ದೇನಲ್ಲ ಅನ್ನಿಸಿ ನಾಚಿಕೆಯಾಯಿತು; ನಾಚಿಕೆಯಾದರೂ ಇನ್ನೊಮ್ಮೆ ಅಂದಳು. ಅವ್ವ ತೀರಿಕೊಂಡು ಇವತ್ತಿಗೆ ಮೂರನೆಯ ದಿನ, ಹಾಲುತುಪ್ಪ. ಬಿಸಿಲೇರುವ ಮೊದಲು ಎಲ್ಲರೂ ಹೊಲದಂಚಿನಲ್ಲಿ ಅವ್ವನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ, ಎಡೆ ಇಟ್ಟು, ಹಾಲುತುಪ್ಪ ಬಿಟ್ಟು ಬರಬೇಕು. ಅಲ್ಲಿ ಮಗಳು ಹೇಳಿಕೊಂಡು ಅಳಬೇಕು. ಈ ಕಡೆಯ ಹೆಂಗಸರಿಗೆ ಸುಮ್ಮನೆ ಕಣ್ಣೀರು ಹಾಕುವುದು ಅಳುವೇ ಅಲ್ಲ. ಸತ್ತವರನ್ನು ನಂಟು ಹಿಡಿದು ಕರೆದು, ಅವರು ಪಟ್ಟದ್ದು, ಉಣಬಡಿಸಿದ್ದು, ಅರ್ಧಕ್ಕೆ ಬಿಟ್ಟು ಹೋದದ್ದು ಎಲ್ಲವನ್ನೂ ರಾಗದಲ್ಲಿ ಒಂದೊಂದಾಗಿ ಹೇಳಿಕೊಂಡರೆ ಮಾತ್ರ ಅತ್ತ ಹಾಗೆ. ಕೊನೆಯವರು ಹಾಲುತುಪ್ಪ ಬಿಟ್ಟಾದ ಮೇಲೆ ಹಾಗೆ ಕರೆಯಬಾರದು, ಹೋಗುತ್ತಿರುವ ಜೀವ ತಿರುಗಿ ನೋಡುತ್ತದೆ ಅನ್ನುತ್ತಾರೆ. ಸುಧಾಗೆ ಉಳಿದಿರುವುದು ಈ ಒಂದು ಬೆಳಗು.

‘ಸುದಾ, ನೀರ್ ಉಯ್ಕಂಡ್ಯೇನವ್ವ? ಒತ್ತಾಯ್ತು,’ ಎಂದು ಹೊರಗಿನಿಂದ ಚಿಕ್ಕಬೀರಮ್ಮ ಕೂಗಿದಳು. ಅವಳು ಅವ್ವನ ತಂಗಿ, ಸುಧಾಗೆ ಚಿಕ್ಕವ್ವ. ಅಕ್ಕ ದೊಡ್ಡಬೀರಮ್ಮ, ತಂಗಿ ಚಿಕ್ಕಬೀರಮ್ಮ, ಇಬ್ಬರ ದನಿಯೂ ಒಂದೇ. ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರು ಕರೆದರೆಂದು ಗೊತ್ತಾಗುವುದಿಲ್ಲ. ಸುಧಾಗೆ ಒಂದು ಕ್ಷಣ ಗೊತ್ತಾಗಲೂ ಇಲ್ಲ. ‘ಬಂದೆ ಚಿಕ್ಕಮ್ಮ, ಇನ್ನೇನು ಆಯಿತು,’ ಅಂದಳು. ಅಂದ ಮೇಲೆ, ಅಂಥ ಚಿಕ್ಕ ಮಾತಿನಲ್ಲೂ ತನ್ನ ನಾಲಿಗೆ ಎಷ್ಟು ಇಸ್ತ್ರಿ ಮಾಡಿದ ಹಾಗಿದೆ ಎಂದು ಬೇಸರವಾಯಿತು.

ಮೊದಲ ದಿನದ್ದು ನೆನೆಸಿಕೊಳ್ಳಬಾರದು ಅಂದುಕೊಂಡಷ್ಟೂ ಅದೇ ಬಂದು ಎದುರಿಗೆ ನಿಲ್ಲುತ್ತಿತ್ತು. ತಮ್ಮ ಶಿವಣ್ಣನ ಫೋನು ಬಂದಾಗ ಅವಳು ಪಿರಿಯಾಪಟ್ಟಣದಲ್ಲಿ, ಯಾರೋ ಮುಖ್ಯೋಪಾಧ್ಯಾಯರ ನಿವೃತ್ತಿ ಸಮಾರಂಭದ ವೇದಿಕೆಯ ಮೇಲಿದ್ದಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸುತ್ತ ಎಲ್ಲಿ ಸಭೆ ಸಮಾರಂಭ ನಡೆದರೂ ನಿರೂಪಣೆಗೆ ಸುಧಾ ಮೇಡಂ ಬೇಕು. ಅಷ್ಟು ಸ್ವಚ್ಛವಾದ ಕನ್ನಡ. ಅದೇ ರೇಷ್ಮೆ ಸೀರೆಯಲ್ಲಿ ಕಾರು ಹತ್ತಿ ಎಚ್.ಡಿ. ಕೋಟೆ ದಾಟಿ ಬೀಚನಹಳ್ಳಿಗೆ ಬಂದು ಇಳಿದಾಗ ಅವ್ವನನ್ನು ಮನೆಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಸುತ್ತ ಕೂತ ಹೆಂಗಸರ ನಡುವಿನಿಂದ ಚಿಕ್ಕವ್ವ ಎದ್ದು, ‘ಬಂದ್ಲು ಕಣಕ್ಕಾ, ನಿನ್ ಮಗ್ಳು ಬಂದ್ಲು, ಒಂದ್ ದಪ ಕಣ್ ಬುಟ್ಟು ನೋಡಕ್ಕಾ,’ ಎಂದು ರಾಗ ಎತ್ತಿದಳು. ಆಮೇಲೆ ಎಲ್ಲರೂ ದನಿ ತಗ್ಗಿಸಿದರು. ಅದು ಮಗಳಿಗೆ ಬಿಟ್ಟ ಜಾಗ. ಹೊರಗಿನಿಂದ ಬಂದ ಮಗಳು ಅಲ್ಲಿ ಬಾಯಿ ತೆರೆಯಬೇಕು, ಅವಳ ಮಾತಿನ ತುದಿ ಹಿಡಿದು ಉಳಿದವರು ಮತ್ತೆ ಅಳು ಎತ್ತಿಕೊಳ್ಳಬೇಕು. ಸುಧಾಳ ಎದೆ ಬಿರಿಯುತ್ತಿತ್ತು. ಬಾಯಿ ತೆರೆದಳು. ‘ಅಮ್ಮಾ, ನಮ್ಮೆಲ್ಲರನ್ನೂ ಅಗಲಿ ಎಲ್ಲಿಗೆ ಹೊರಟುಹೋದಿರಿ,’ ಎಂಬ ಮಾತು ಬಂತು. ಕೊನೆಯ ಸಾಲಿನವರಿಗೂ ಕೇಳುವಂತೆ, ಒಂದು ಅಕ್ಷರವೂ ನಲುಗದಂತೆ ಬಂತು. ಶ್ರದ್ಧಾಂಜಲಿ ಸಭೆಗಳಲ್ಲಿ ಎಷ್ಟು ಸಲ ಅಂದಿದ್ದಳೋ ಅದೇ ಮಾತು, ಅದೇ ಏರಿಳಿತ. ಹೆಂಗಸರು ತಬ್ಬಿಬ್ಬಾಗಿ ಅವಳ ಮುಖ ನೋಡಿದರು. ಯಾರಿಗೂ ಆ ಮಾತಿನ ತುದಿ ಹಿಡಿಯಲು ಆಗಲಿಲ್ಲ. ಹಿಂದೆ ಯಾವುದೋ ಹುಡುಗಿ ನಗು ತಡೆದುಕೊಂಡಳು. ಪಕ್ಕದ ಮನೆಯ ಮುದುಕಿ ವೀರಮ್ಮ, ‘ಇದೇನಮ್ಮಿ, ಬಾಸ್ಣ ಮಾಡ್ತಾವ್ಳೆ,’ ಎಂದು ಕೇಳಿದಳು. ಮುದುಕಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಸುಧಾ ತಲೆ ತಗ್ಗಿಸಿದರೆ, ತನ್ನ ಎದೆಯ ಮೇಲೆ ‘ನಿರೂಪಕರು’ ಎಂದು ಬರೆದ ಬ್ಯಾಡ್ಜು ಹಾಗೇ ಇತ್ತು. ಅಲ್ಲಿಂದ ಮಣ್ಣು ಮಾಡುವವರೆಗೂ ಅವಳು ಬಾಯಿ ಬಿಡಲಿಲ್ಲ, ಕಣ್ಣೀರೂ ಬರಲಿಲ್ಲ. ಓದಿದವರ ಮನಸ್ಸು ಗಟ್ಟಿ ಎಂದು ಊರವರು ಅಂದುಕೊಂಡರು.

ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಹೊರಬಂದಾಗ ಶಿವಣ್ಣ ಜಗಲಿಯಲ್ಲಿ ಕೂತು ಎಡೆಗೆ ಬೇಕಾದ್ದನ್ನೆಲ್ಲ ಮಂಕರಿಗೆ ತುಂಬುತ್ತಿದ್ದ. ರಾಗಿ ಮುದ್ದೆ, ಉಪ್ಪುಸಾರು, ಹುರುಳಿಕಾಳು, ಎಲೆಅಡಿಕೆ, ಅವ್ವನಿಗೆ ಬೇಕೇ ಬೇಕಿದ್ದ ಹೊಗೆಸೊಪ್ಪು. ಸುಧಾ ಅವನ ಪಕ್ಕ ಕೂತಳು. ಏನಾದರೂ ಆಡಬೇಕೆಂದು, ‘ಅಮ್ಮ ಕೊನೆಗೆ ಏನಾದರೂ ಹೇಳಿದರಾ, ಶಿವು?’ ಎಂದು ಕೇಳಿದಳು. ಶಿವಣ್ಣ ಹೊಗೆಸೊಪ್ಪಿನ ಎಸಳನ್ನು ಮಡಿಸುತ್ತಲೇ, ‘ನಿನ್ಗೆ ಪೋನ್ ಮಾಡ್ಲಾ ಅಂತ ಕೇಳ್ದೆ ಕಣಕ್ಕ, ಇಂದ್ಲ ದಿನ ಸಂಜೆ. ಬ್ಯಾಡ ಬುಡು ಅಂದ್ಲು. ಉಸ್ರು ಕಟ್ತದೆ, ಮಾತು ನೆಟ್ಟುಗ್ ಬರಕಿಲ್ಲ, ಅವ್ಳು ಬೇಜಾರ್ ಮಾಡ್ಕತಾಳೆ ಅಂದ್ಲು,’ ಅಂದ. ಆಕ್ಷೇಪಿಸುವ ದನಿಯಲ್ಲ, ಮಳೆ ಬರಲಿಲ್ಲ ಅನ್ನುವ ಹಾಗೆ ಅಂದ. ಸ್ವಲ್ಪ ಹೊತ್ತಿನ ಮೇಲೆ, ‘ನಿನ್ ತಾವ ಮಾತಾಡಾಕೆ ಅವ್ಳಿಗೆ ದಿಗ್ಲು ಕಣಕ್ಕ, ಮದ್ಲಿಂದ್ಲೂ,’ ಎಂದು ಸೇರಿಸಿ, ಮಂಕರಿಗೆ ಬಟ್ಟೆ ಮುಚ್ಚಿ ಒಳಗೆ ಹೋದ.

ದಿಗಿಲು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇಷ್ಟು ವರ್ಷ ನಡೆಸಿದ್ದಳು. ಫೋನಿನಲ್ಲಿ ಅವ್ವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಆಮೇಲೆ, ಹೊಸಿಲು ದಾಟುವಾಗ ಸೀರೆ ಎತ್ತಿ ಹಿಡಿಯುವ ಹಾಗೆ, ಒಂದೊಂದು ಮಾತನ್ನೂ ಎಚ್ಚರಿಕೆಯಿಂದ ಎತ್ತಿ ಇಡುತ್ತಿದ್ದಳು. ‘ಹಡುಗೆ ಆಯ್ತೇನವ್ವ? ಹಳಿಯಂದ್ರು ಬಂದ್ರಾ?’ ಅಡುಗೆಗೂ ಅಳಿಯನಿಗೂ ಇಲ್ಲದ ಹಕಾರವನ್ನು ಮಗಳ ಮರ್ಯಾದೆಗೆಂದು ತಂದು ಹಚ್ಚುತ್ತಿದ್ದಳು. ಬೇಕಾದ ಕಡೆ ಬಾರದ ಉಸಿರು ಬೇಡದ ಕಡೆಯೆಲ್ಲ ಬರುತ್ತಿತ್ತು. ಪಕ್ಕದಲ್ಲಿ ಗಂಡ ಉಮಾಶಂಕರ ಇದ್ದರೆ ಸುಧಾ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಅವಳು ನಕ್ಕಿರಲಿಲ್ಲ, ಒಂದು ದಿನವೂ ತಿದ್ದಿರಲಿಲ್ಲ. ಒಂದು ಗಳಿಗೆ ಸುಮ್ಮನಾಗುತ್ತಿದ್ದಳು, ಅಷ್ಟೆ. ಆ ಒಂದು ಗಳಿಗೆಯಲ್ಲಿ ಅವ್ವನಿಗೆ ತಾನು ಎಲ್ಲೋ ಎಡವಿದೆನೆಂದು ತಿಳಿದುಹೋಗುತ್ತಿತ್ತು. ‘ತಕ್ಕೋ, ಸಿವಣ್ಣನ ಕೈಲಿ ಮಾತಾಡು,’ ಎಂದು ಫೋನನ್ನು ದಾಟಿಸಿಬಿಡುತ್ತಿದ್ದಳು. ಸುಧಾ ಕೂಡ ಅವ್ವ ಅನ್ನುವುದನ್ನು ಯಾವಾಗ ಬಿಟ್ಟಳೋ ಅವಳಿಗೇ ಗೊತ್ತಿಲ್ಲ. ಗಂಡನ ಮನೆಯವರ ಮುಂದೆ ‘ನಮ್ಮಮ್ಮ’ ಅನ್ನುತ್ತಿದ್ದಳು. ಎದುರಿಗೆ ಸಿಕ್ಕಾಗ ಅಮ್ಮ ಅನ್ನಲು ನಾಚಿಕೆ, ಅವ್ವ ಅನ್ನಲು ಇನ್ನೊಂದು ಥರದ ನಾಚಿಕೆ, ಎರಡೂ ಬೇಡವೆಂದು ಕರೆಯದೆಯೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಆದರೆ ಹೆಮ್ಮೆಯೂ ಅವ್ವನದೇ. ಹುಣಸೂರಿನಲ್ಲಿ ಬೆಳಗ್ಗೆ ಬರುವ ಕಸದ ಗಾಡಿಯಲ್ಲಿ ಕೂಗುವ ದನಿ ಸುಧಾಳದ್ದು. ‘ಹಸಿ ಕಸ, ಒಣ ಕಸವನ್ನು ಬೇರ್ಪಡಿಸಿ ನೀಡಿ ಸಹಕರಿಸಿ’ ಎಂದು ನಗರಸಭೆಯವರು ಹಿಂದೆಂದೋ ಹೇಳಿಸಿ ತುಂಬಿಕೊಂಡಿದ್ದರು. ಅವ್ವ ಹುಣಸೂರಿನ ಮಗಳ ಮನೆಗೆ ಬಂದಾಗಲೆಲ್ಲ ಗಾಡಿ ಬರುವ ಹೊತ್ತಿಗೆ ಮುಖ ತೊಳೆದು, ಸೆರಗು ಹೊದ್ದು ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಕಸ ತೆಗೆದುಕೊಳ್ಳುವವನಿಗೆ, ‘ಅದು ನನ್ ಮಗ್ಳು ಕಣಪ್ಪ, ಒಳ್ಗವ್ಳೆ, ಕರೀಲಾ?’ ಅನ್ನುತ್ತಿದ್ದಳು. ಗಾಡಿ ಮುಂದಿನ ಬೀದಿಗೆ ತಿರುಗಿದ ಮೇಲೂ ದನಿ ಕೇಳುವವರೆಗೆ ಅಲ್ಲೇ ನಿಂತಿರುತ್ತಿದ್ದಳು. ಒಳಗಿನಿಂದ ಕಿಟಕಿಯಲ್ಲಿ ನೋಡುತ್ತಿದ್ದ ಸುಧಾಗೆ ಅದು ಆಗ ಅವಮಾನ ಅನ್ನಿಸಿತ್ತು. ತನ್ನ ಕೂಡ ಮಾತಾಡಲು ಹೆದರುವ ಅವ್ವ ಕಸದ ಗಾಡಿಯ ಹಿಂದೆ ನಿಂತು ತನ್ನ ಮಾತು ಕೇಳುತ್ತಿದ್ದಳು ಅನ್ನುವುದು ಈಗ ಈ ಜಗಲಿಯಲ್ಲಿ ಕೂತಾಗ ಹೊಳೆಯಿತು. ತಡೆಯಲಾರದಷ್ಟು ನೋವಾಯಿತು. ಕಣ್ಣು ಮಾತ್ರ ಒಣಗಿಯೇ ಇತ್ತು.

ಹೊರಟರು. ಮುಂದೆ ಶಿವಣ್ಣ, ಅವನ ಹಿಂದೆ ಅಣ್ಣತಮ್ಮಂದಿರ ಮನೆಯ ಗಂಡಸರು, ಆಮೇಲೆ ಹೆಂಗಸರು. ಹಾಲಿನ ಚೊಂಬನ್ನು ಸುಧಾಳ ಕೈಗೆ ಕೊಟ್ಟಿದ್ದರು. ದಾರಿ ನೀರಾವರಿ ಇಲಾಖೆಯ ಹಳೆಯ ಕ್ವಾರ್ಟರ್ಸಿನ ಪಕ್ಕದಲ್ಲೇ ಹೋಗುತ್ತದೆ. ಅರ್ಧ ಮನೆಗಳಿಗೆ ಈಗ ಬೀಗ, ಬೇಲಿಯ ತುಂಬ ಲಂಟಾನ. ಅವ್ವ ಈ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಬಾಗಿಲು ಬಾಗಿಲಲ್ಲಿ ನಿಂತು ‘ಆಲೂ’ ಎಂದು ಕೂಗುತ್ತಿದ್ದಳು, ಅವಳ ಸೆರಗು ಹಿಡಿದುಕೊಂಡು ಸುಧಾ ನಿಲ್ಲುತ್ತಿದ್ದಳು. ಅಣೆಕಟ್ಟೆಯ ಕೆಲಸಕ್ಕೆ ಮೈಸೂರು ಬೆಂಗಳೂರು ಕಡೆಯಿಂದ ಬಂದವರ ಮಕ್ಕಳು ಒಳಗಿನಿಂದಲೇ ‘ಆಲೂ’ ಎಂದು ತಿರುಗಿ ಕೂಗುತ್ತಿದ್ದವು. ಅವ್ವನಷ್ಟೇ ಉದ್ದಕ್ಕೆ, ಅವ್ವನ ದನಿಯಲ್ಲೇ. ಅವ್ವನೂ ಅವರ ಜೊತೆ ನಗುತ್ತಿದ್ದಳು. ಅವಳಿಗೆ ನಿಜವಾಗಿಯೂ ನಗು ಬರುತ್ತದೆಂದೇ ಸುಧಾ ತಿಳಿದಿದ್ದಳು. ಒಂದು ದಿನ ಸುಧಾ ತಾನೂ ಅವರ ಜೊತೆ ಸೇರಿ ಅಣಕಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಅವತ್ತು ಮಾತ್ರ ಅವ್ವ ನಗಲಿಲ್ಲ. ಮರುದಿನ ಕೊನೆಯ ಮನೆಯ ಇಂಜಿನಿಯರ ಹೆಂಡತಿಯ ಮುಂದೆ ಕೈಕಟ್ಟಿ ನಿಂತು, ‘ಅಮ್ಮಾರೆ, ಈ ಕೂಸ್ಗೆ ಒಸಿ ನಿಮ್ಮಂಗೆ ಮಾತಾಡಾದು ಯೋಳ್ಕೊಡಿ, ಇದ್ರು ಬಾಯಿ ನನ್ ಬಾಯಿ ಆಗ್ಬಾರ್ದು,’ ಎಂದು ಕೇಳಿಕೊಂಡಳು. ಆಕೆ ಒಳ್ಳೆಯವರು. ಬಾಯಿಯ ಮುಂದೆ ಅಂಗೈ ಹಿಡಿದು ತೋರಿಸಿದರು. ‘ಹ’ ಅಂದರೆ ಅಂಗೈಗೆ ಬಿಸಿ ಉಸಿರು ತಾಗಬೇಕು, ‘ಅ’ ಅಂದರೆ ತಾಗಬಾರದು, ನೋಡು.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅದೇ ಕೆಲಸ. ಅವ್ವ ಕೊಟ್ಟಿಗೆಯಿಂದ ಬಂದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗಳ ಬಾಯಿಯ ಮುಂದೆ ಅಂಗೈ ಒಡ್ಡುತ್ತಿದ್ದಳು. ಹುಲ್ಲು ಕುಯ್ದು ಗೀರು ಬಿದ್ದ ಕೈ, ತೊಳೆದರೂ ಕರುವಿನ ವಾಸನೆ ಹೋಗದ ಕೈ. ‘ಅನ್ನು, ಆಲು.’ ಸುಧಾ ಅನ್ನುತ್ತಿದ್ದಳು. ‘ತಾಗ್ನಿಲ್ಲ ಕಣ್ ಕೂಸೇ, ಇನ್ನೊಂದ್ ದಪ ಅನ್ನು.’ ಹೇಳಿಕೊಡುವವಳಿಗೆ ಬಾರದ ಅಕ್ಷರ. ಬಂತೋ ಇಲ್ಲವೋ ಎಂದು ಅವಳ ಅಂಗೈಗೆ ಮಾತ್ರ ತಿಳಿಯುತ್ತಿತ್ತು. ಒಂದು ಸಂಜೆ ಉಸಿರು ತಾಗಿತು. ಅವ್ವ ಬೆರಳು ಮಡಿಸಿ ಆ ಉಸಿರನ್ನು ಮುಷ್ಟಿಯೊಳಗೆ ಹಿಡಿದು, ಮುಷ್ಟಿಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ‘ತಾಗ್ತು. ಸರ್ಯಾಯ್ತು, ಎದ್ದೇಳು.’ ಜಗಲಿಯಲ್ಲಿ ಶಿವಣ್ಣ ತನಗೂ ಕೈ ಹಿಡಿಯೆಂದು ಹಟ ಮಾಡುತ್ತಿದ್ದ. ನೀನು ಮನೆಯಲ್ಲಿರುವವನು, ನಿನಗ್ಯಾಕೆ ಎಂದು ಅವ್ವ ಅವನನ್ನು ಆಚೆ ಕಳಿಸುತ್ತಿದ್ದಳು. ಅವಳು ಯಾರನ್ನು ದೂರ ಕಳಿಸುತ್ತಿದ್ದಳು, ಯಾರನ್ನು ಹತ್ತಿರ ಉಳಿಸಿಕೊಳ್ಳುತ್ತಿದ್ದಳು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತೇನೋ, ಕೇಳಲು ಈಗ ಅವಳಿಲ್ಲ.

ಹೊಲದಂಚಿನಲ್ಲಿ ಹೊಂಗೆಮರದ ಕೆಳಗೆ ಮಣ್ಣು ಇನ್ನೂ ಹಸಿಯಾಗಿತ್ತು. ಗಂಡಸರು ಗುಡ್ಡೆಯನ್ನು ನೀರು ಹಾಕಿ ಸಾರಿಸಿ, ಹೂವಿಟ್ಟು, ಬಾಳೆಎಲೆಯ ಮೇಲೆ ಎಡೆ ಹಾಕಿದರು. ಊದುಬತ್ತಿಯ ಹೊಗೆ ಗಾಳಿಯಿಲ್ಲದೆ ಅಲ್ಲಲ್ಲೇ ಸುತ್ತುತ್ತಿತ್ತು. ಶಿವಣ್ಣ ಗರಿಕೆಯನ್ನು ಹಾಲಿಗೂ ತುಪ್ಪಕ್ಕೂ ಅದ್ದಿ ತಲೆಯ ಕಡೆ ಬಿಟ್ಟು, ‘ಓಗ್ ಬಾ ಅವ್ವ,’ ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡು ಎದ್ದ. ಅಷ್ಟು ಚಿಕ್ಕ ಮಾತು, ಅದು ಎಷ್ಟು ಸಲೀಸಾಗಿ ಬಂತು ಎಂದು ಸುಧಾಗೆ ಹೊಟ್ಟೆಕಿಚ್ಚಾಯಿತು. ಒಬ್ಬೊಬ್ಬರಾಗಿ ಬಿಟ್ಟರು. ಹೆಂಗಸರು ಗುಡ್ಡೆಯ ಸುತ್ತ ಕೂತರು, ಸಣ್ಣದಾಗಿ ರಾಗ ಶುರುವಾಯಿತು. ‘ಇವತ್ತಾರ ಒಂದ್ ಮಾತು ಯೋಳ್ಕಂಡು ಅಳು ಮಗ, ಎದೆ ಅಗುರಾಯ್ತದೆ,’ ಎಂದು ಚಿಕ್ಕವ್ವ ಕಿವಿಯಲ್ಲಿ ಅಂದಳು. ಆಮೇಲೆ ಮೊದಲ ದಿನದ ಹಾಗೆಯೇ ಎಲ್ಲರೂ ದನಿ ತಗ್ಗಿಸಿ ಜಾಗ ಬಿಟ್ಟರು.

ಸುಧಾ ಬಾಯಿ ತೆರೆದಳು. ಹೇಳಬೇಕಾದ್ದೆಲ್ಲ ಒಳಗೆ ಒತ್ತರಿಸಿ ನಿಂತಿತ್ತು. ಕಸದ ಗಾಡಿ, ಗೇಟು, ಹಡುಗೆ ಆಯ್ತೇನವ್ವ, ಬೇಡ ಬಿಡು ಎಂದು ಅವ್ವ ಮಾಡಿಸದೆ ಹೋದ ಕೊನೆಯ ಫೋನು. ಆದರೆ ಒಂದೊಂದೂ ನಾಲಿಗೆಯವರೆಗೆ ಬರುವಷ್ಟರಲ್ಲಿ ಬಟ್ಟೆ ಬದಲಾಯಿಸಿಕೊಂಡು, ವೇದಿಕೆಗೆ ಹೊರಟವರ ಹಾಗೆ ಬರುತ್ತಿತ್ತು. ಬಚ್ಚಲಲ್ಲಿ ತಾಲೀಮು ಮಾಡಿದ ಒಂದು ಅವ್ವಾ ಕೂಡ ಸಿಗಲಿಲ್ಲ. ವೀರಮ್ಮ ತನ್ನನ್ನೇ ನೋಡುತ್ತಿರುವುದು ಕಂಡಿತು. ಸುಧಾ ಬಾಯಿ ಮುಚ್ಚಿದಳು. ಯಾರೋ ಕೆಮ್ಮಿದರು. ಆಗ ಚಿಕ್ಕವ್ವ ಅವಳ ಕೊರಳನ್ನು ತಬ್ಬಿ, ಅವಳ ಹೆಗಲಿಗೆ ಹಣೆ ಆನಿಸಿ, ಮಗಳಿಗೆ ಬಿಟ್ಟ ಆ ಜಾಗದೊಳಕ್ಕೆ ತಾನೇ ಇಳಿದಳು. ‘ಅವ್ವಾ, ನಾನು ನಿನ್ ಸುದಾ ಬಂದಿವ್ನಿ ಕಣವ್ವಾ. ಆಲಿನ್ ಚೊಂಬು ಇಡ್ಕಂಡು ಬಂದಿವ್ನಿ ಕಣವ್ವಾ. ನೀ ಆಲ್ ಮಾರಕ್ ಓಗಾಗ ಸೆರ್ಗಿಡ್ಕಂಡು ಬತ್ತಿದ್ನಲ್ಲವ್ವಾ. ನಿನ್ ಅಂಗೈಲಿ ನನ್ ಮಾತ ಇಡ್ಕಂಡು ಸಾಕ್ದ್ಯಲ್ಲವ್ವಾ. ದೊಡ್ಡೋರ ಮುಂದೆ ಮಾತಾಡಾಂಗೆ ಮಾಡ್ದ್ಯಲ್ಲವ್ವಾ, ನಿನ್ ಮುಂದೆ ಮಾತಾಡಾಕೆ ನನ್ಗೆ ಬಾಯೇ ಇಲ್ದಂಗಾಯ್ತಲ್ಲವ್ವಾ.’

ಅದು ಅವ್ವನದೇ ದನಿ. ಅವ್ವನ ದನಿಯಲ್ಲಿ ಸುಧಾ ಅವ್ವನನ್ನು ಕರೆಯುತ್ತಿದ್ದಳು, ಸುಧಾಳ ಬಾಯಿ ಮಾತ್ರ ಮುಚ್ಚಿತ್ತು. ಹೆಂಗಸರೆಲ್ಲ ಆ ಮಾತಿನ ತುದಿ ಹಿಡಿದುಕೊಂಡರು. ವೀರಮ್ಮ ಎದೆ ಬಡಿದುಕೊಂಡು ಅತ್ತಳು, ಮೊನ್ನೆ ನಗು ತಡೆದುಕೊಂಡ ಹುಡುಗಿಯೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತನ್ನ ದುಃಖವನ್ನು ಇನ್ನೊಬ್ಬರು ಹೇಳುತ್ತಿದ್ದರೆ, ಹೇಳಿದ್ದು ಒಂದೂ ಸುಳ್ಳಲ್ಲದಿದ್ದರೆ, ಪಕ್ಕದಲ್ಲಿ ಒಣಕಣ್ಣಿನಲ್ಲಿ ಕೂತಿರುವವಳು ಯಾರು? ಅಳು ಇಳಿದ ಮೇಲೆ ಅವರೆಲ್ಲ ನೀರು ಕುಡಿಸಿದ್ದು, ಬೆನ್ನು ಸವರಿದ್ದು ಚಿಕ್ಕವ್ವನಿಗೆ. ಸುಧಾಗೆ ಅದು ತಪ್ಪು ಅನ್ನಿಸಲಿಲ್ಲ. ಅತ್ತವರಿಗೆ ತಾನೆ ನೀರು ಕೊಡುವುದು.

‘ಕೊನೇದು ನಿಂದು, ನೀ ಬುಟ್ಟು ಬಾ ಮಗ. ಕಾಗೆ ಬರ್ಬೇಕು, ನಾವ್ ಆಚ್ಗಿರ್ತೀವಿ,’ ಅಂದಳು ಚಿಕ್ಕವ್ವ. ಎಲ್ಲರೂ ದೂರ ಸರಿದು, ಹೊಲದ ಆಚೆ ಬದುವಿನ ಮೇಲೆ ಬೆನ್ನು ಮಾಡಿ ಕೂತರು. ಗುಡ್ಡೆಯ ಹತ್ತಿರ ಸುಧಾ ಒಬ್ಬಳೇ ಉಳಿದಳು. ಕೈಯಲ್ಲಿ ಚೊಂಬು. ಬಿಟ್ಟರೆ ಮುಗಿಯಿತು, ಬಿಡುವುದಕ್ಕೆ ಮೊದಲು ಒಂದು ಮಾತಿಗೆ ಹೊತ್ತಿದೆ. ಕೇಳುವವರು ಯಾರೂ ಇಲ್ಲ, ನಗುವವರೂ ಇಲ್ಲ. ಅವ್ವನಿಗೆ ತಿಳಿಯುವ ಹಾಗೆ, ಅವ್ವ ಕ್ವಾರ್ಟರ್ಸಿನ ಬಾಗಿಲಲ್ಲಿ ಅನ್ನುತ್ತಿದ್ದ ಹಾಗೆ, ಆಲು ಕುಡಿ ಅನ್ನೋಣ, ಅಷ್ಟು ಸಾಕು ಅಂದುಕೊಂಡಳು. ಎಡಗೈ ತಾನಾಗಿ ಬಾಯಿಯ ಮುಂದೆ ಬಂತು. ‘ಹಾಲು,’ ಅಂದಳು. ಬೆಚ್ಚನೆಯ ಉಸಿರು ಅಂಗೈಗೆ ಬಂದು ತಾಗಿತು. ಇನ್ನೊಮ್ಮೆ ಅಂದಳು, ಮತ್ತೆ ತಾಗಿತು. ಎಷ್ಟು ಅದುಮಿದರೂ ತಾಗುತ್ತಿತ್ತು. ಅಷ್ಟು ಸಂಜೆಗಳು ಅವ್ವ ಕಾದು ಕೂತದ್ದು ಇದಕ್ಕೇ. ಕೈ ಒಡ್ಡಿದ್ದರೆ ಈಗಲೂ ಮುಷ್ಟಿ ಮಡಿಸಿ ಕೆನ್ನೆಗೆ ಒತ್ತಿಕೊಂಡು, ಸರ್ಯಾಯ್ತು ಎದ್ದೇಳು ಅನ್ನುತ್ತಿದ್ದಳು. ಸುಧಾ ಬಲಗೈಯಲ್ಲಿ ಚೊಂಬು ಬಗ್ಗಿಸಿದಳು. ಹಾಲು ಮಣ್ಣಿನ ಮೇಲೆ ಒಂದು ಗಳಿಗೆ ಬೆಳ್ಳಗೆ ನಿಂತು, ಆಮೇಲೆ ಇಂಗಿಹೋಯಿತು.

ಆಗ ಬಂತು. ಹೊಟ್ಟೆಯ ಬುಡದಿಂದ, ಯಾರೂ ಕಲಿಸದೆ, ಯಾರೂ ತಿದ್ದದೆ, ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿ ಹಾವು ಕಂಡು ಹೆದರಿ ಓಡಿಬಂದ ದಿನ ಕರೆದ ಹಾಗೆ ಅವ್ವಾ ಎಂಬ ಕೂಗು ಎದ್ದು ಗಂಟಲಿಗೆ ಬಂತು. ಅದರ ಹಿಂದೆ ಉಳಿದ ಮಾತುಗಳೂ ಅವ್ವನ ಮಾತಿನಲ್ಲೇ ಸಾಲಾಗಿ ಬರುತ್ತಿರುವುದು ತಿಳಿಯಿತು. ಹಾಲು ಇಂಗಿಯಾಗಿತ್ತು. ಇನ್ನು ಕರೆಯಬಾರದು, ಹೋಗುತ್ತಿರುವವಳು ತಿರುಗಿ ನೋಡುತ್ತಾಳೆ. ಆ ಕಡೆ ಬದುವಿನ ಮೇಲೆ ಶಿವಣ್ಣ ಮರದ ಕಡೆ ಕತ್ತು ಹೊರಳಿಸಿ ‘ಕಾಗೆ ಬಂತು’ ಎಂದು ಹೇಳುವುದು ಕೇಳಿಸಿತು. ಸುಧಾ ಅಂಗೈಯನ್ನು ಬಾಯಿಗೆ ಬಲವಾಗಿ ಒತ್ತಿ ಹಿಡಿದು, ಹಾಗೇ ಕೂತಳು.